ಕೈ ಹಾಕಿ ನೋಡುವ ಕಾಕಾ

ಶಿವಪುತ್ರಪ್ಪ ಕಾಕಾನ ಬಲಗೈಯನ್ನು ಮೊಣಕೈಯಿಂದ ಕೆಳಗೆ ನೋಡಿದವರು ನಮ್ಮ ಓಣಿಯಲ್ಲಿ ಕಡಿಮೆ. ಅದು ಸದಾ ಯಾವುದಾದರೊಂದರ ಒಳಗೆ ಇರುತ್ತಿತ್ತು. ಮೋರಿಯೊಳಗೆ, ನೀರಿನ ಟಾಕಿಯೊಳಗೆ, ಯಾರದೋ ಮನೆಯ ಕೂಲರಿನ ಹೊಟ್ಟೆಯೊಳಗೆ. ಮಾತಾಡಿಸಿದರೆ ಮುಖವನ್ನಷ್ಟೇ ನಮ್ಮ ಕಡೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ, “ಸುಮ್ನಿರೋ ತಮ್ಮಾ, ಸಿಗಾಕತ್ತೈತಿ” ಎನ್ನುತ್ತಿದ್ದರು. ಕೊನೆಗೆ ಏನಾದರೊಂದು ಸಿಕ್ಕೇ ಸಿಗುತ್ತಿತ್ತು. ನಮ್ಮ ಮನೆಯ ಮೋರಿಯಿಂದ ಒಮ್ಮೆ ಚಮಚ, ಕೂದಲು ಮತ್ತು ಅಜ್ಜಿಯ ಕಾಲದ ಒಂದು ಗುಂಡಿಯನ್ನು ಎತ್ತಿ, ಪುರಾತತ್ವ ಇಲಾಖೆಯವರಂತೆ ಹಾಳೆಯ ಮೇಲೆ ಸಾಲಾಗಿ ಇಟ್ಟು ತೋರಿಸಿದ್ದರು.

ಬೆಳಗಾವಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ಓಣಿಯ ಮುಖ್ಯ ಎಂಜಿನಿಯರ್ ಹುದ್ದೆಯನ್ನು ಯಾರೂ ಕೊಡದಿದ್ದರೂ ವಹಿಸಿಕೊಂಡರು. ಕೆಲಸಗಾರರನ್ನು ಕರೆಯುವುದು ಅವರ ಪ್ರಕಾರ ಸೋಮಾರಿಗಳ ಲಕ್ಷಣ. “ಮನಿ ನಿಂದು, ನಳ ನಿಂದು, ಕೈ ನಿಂದು. ನಡುವ ಅವನ್ಯಾವಂವ?” ಎಂದು ಕೇಳುತ್ತಿದ್ದರು. ಕಪಾಟಿನ ಸ್ಕ್ರೂ ನಿಲ್ಲದಿದ್ದರೆ ತೂತಿಗೆ ಬೆಂಕಿಕಡ್ಡಿ ಮುರಿದು ತುಂಬಬೇಕು. ಕಿರುಗುಟ್ಟುವ ಬಾಗಿಲಿನ ಬಿಜಾಗ್ರಿಗೆ ಮೇಣದಬತ್ತಿ ತಿಕ್ಕಬೇಕು. ಗುಲಾಬಿ ಬುಡಕ್ಕೆ ತೊಳೆದ ಚಹಾಪುಡಿ, ನಾಯಿಯ ಉಣ್ಣಿಗೆ ಬೇವಿನೆಣ್ಣೆ. ಈ ಎಲ್ಲ ವಿಧಿಗಳ ಹಿಂದೆ ಒಂದು ಸಿದ್ಧಾಂತವೂ ಇತ್ತು.

“ಜಗತ್ತಿನ್ಯಾಗ ರೋಗ ಎರಡ. ಒಂದು, ಏನರ ಸಿಕ್ಕೊಂಡಿರತೈತಿ. ಇಲ್ಲಾ, ಏನರ ಸಡ್ಲಾಗಿರತೈತಿ. ಮೊದಲ ಕೈ ಹಾಕಿ ನೋಡು. ಕೈಗೆ ತಿಳಿಯೂದು ಕಣ್ಣಿಗೆ ತಿಳಿಯಂಗಿಲ್ಲ.”

ಸಿದ್ಧಾಂತ ಎಲ್ಲ ಕಡೆ ಫಲಿಸಿತೆಂದಲ್ಲ. ನಮ್ಮ ಕೂಲರ್ ಗಡಗಡ ಎನ್ನುತ್ತದೆಂದು ಬಿಚ್ಚಿ ಕಟ್ಟಿದ ಮೇಲೆ ಒಂದು ತಗಡಿನ ಬಳೆ, ಒಂದಿಷ್ಟು ಸ್ಕ್ರೂ ಉಳಿದವು. ಕಾಕಾ ಅವನ್ನು ನನ್ನ ಅಂಗೈಯಲ್ಲಿ ಪ್ರಸಾದದಂತೆ ಇಟ್ಟು, “ಇವು ಹೆಚ್ಚಿನವು. ಕಂಪನಿಯವರು ಅಂಜಿಕಿಗೆ ಒಂದೀಟು ಜಾಸ್ತಿ ಹಾಕಿರತಾರ” ಎಂದರು. ಅಂದಿನಿಂದ ಆ ಕೂಲರ್ ಸದ್ದು ಮಾಡಲಿಲ್ಲ, ಗಾಳಿಯನ್ನೂ ಮಾಡಲಿಲ್ಲ. ಆದರೆ ಅವರ ಮಾತಿನಲ್ಲಿ ಅರ್ಧ ಸರಿ ಇರುತ್ತಿತ್ತು. ಅಪಾಯವಿದ್ದದ್ದೂ ಅಲ್ಲೇ. ಪೂರ್ತಿ ತಪ್ಪುವವನನ್ನು ಯಾರೂ ನಂಬುವುದಿಲ್ಲ, ಅವನೂ ತನ್ನನ್ನು ನಂಬಿಕೊಳ್ಳುವುದಿಲ್ಲ.

ಅವರ ನಾಯಿಯ ಹೆಸರು ಮೋತ್ಯಾ. ಜಾಂಬೋಟಿ ದಾರಿಯಲ್ಲಿ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಮಕ್ಕಳಿಲ್ಲದ ಮನೆ, ಅವರ ಹೆಂಡತಿ ಶಾಂತಾ ಕಾಕು ತಟ್ಟಿದ ಮೊದಲ ರೊಟ್ಟಿ ಅದಕ್ಕೇ. ಹುಚ್ಚುನಾಯಿ ರೋಗದ ಸೂಜಿ ಹಾಕಿಸಿರೆಂದು ನಾನು ಒಮ್ಮೆ ಹೇಳಿದ್ದಕ್ಕೆ, “ಮನಿ ರೊಟ್ಟಿ ತಿನ್ನೋ ನಾಯಿಗೆ ಸೂಜಿ ಯಾಕೋ? ಕಾಂಪೌಂಡ್ ದಾಟಂಗಿಲ್ಲದು” ಎಂದಿದ್ದರು. ಬೇಸಿಗೆಯ ಶುರುವಿನಲ್ಲಿ ಕಾಂಪೌಂಡ್ ದಾಟದ ಆ ನಾಯಿ ಬೀದಿನಾಯಿಯೊಂದಿಗೆ ಕಚ್ಚಾಡಿ ಕಿವಿ ಹರಿದುಕೊಂಡು ಬಂತು. ಕಾಕಾ ಅರಿಸಿನ ಮೆತ್ತಿದರು. ಗಾಯ ಮಾಯಿತು. ಓಣಿ ಮೆಚ್ಚಿತು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಮೋತ್ಯಾ ಬಾಯಿ ಮುಚ್ಚಲಾರದೆ, ಜೊಲ್ಲು ಸುರಿಸುತ್ತ ನಿಂತಿತ್ತು. ಬೋಗುಣಿಯ ನೀರಿಗೆ ಮೂತಿ ಒಯ್ಯುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ನಾನು ಕಾಂಪೌಂಡ್ ಗೋಡೆಯ ಈಚೆ ಇದ್ದೆ.

“ದನದ ದವಾಖಾನಿಗೆ ಒಯ್ಯೂಣ್ರಿ,” ಎಂದರು ಕಾಕು. “ಅದರ ಕಣ್ಣ ನೋಡ್ರಿ, ಹೆಂಗಾಗ್ಯಾವ.”

“ಎಲುಬು ಸಿಕ್ಕೈತಿ ಶಾಂತಾ. ಬಾಯಿ ತೆರದ ನಿಂತೈತಿ ನೋಡು, ಪಾಪ, ತೆಗೀರಿ ಅಂತ.”

“ಕಾಕಾ, ಬ್ಯಾಡ್ರಿ!” ಎಂದು ನಾನು ಗೋಡೆ ಏರುವಷ್ಟರಲ್ಲಿ ಆ ಬಲಗೈ ಗಂಟಲೊಳಗೆ ಹೋಗಿತ್ತು. ಕಣ್ಣು ಅರ್ಧ ಮುಚ್ಚಿದ್ದರು. ಮೋತ್ಯಾ ಕಚ್ಚಲಿಲ್ಲ. ಏನೂ ಸಿಗಲಿಲ್ಲ. ಕೈ ಹೊರಗೆ ಬಂದಾಗ ಬೆರಳ ಗೆಣ್ಣಿನ ಮೇಲೆ ಹಲ್ಲು ತರಚಿದ ಒಂದು ಕೆಂಪು ಗೆರೆಯಿತ್ತು. ನಳದ ಕೆಳಗೆ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದು, ಮೇಲೆ ಸುಣ್ಣ ಹಚ್ಚಿಕೊಂಡರು. ತೊಳೆದದ್ದು ಸರಿಯಾದ ಕೆಲಸ ಎಂದು ಆಮೇಲೆ ಡಾಕ್ಟರರೇ ಹೇಳಿದರು. ಎಂದಿನಂತೆ ಅರ್ಧ ಸರಿ.

ಮೋತ್ಯಾ ಮರುದಿನ ಸತ್ತಿತು. ಕಾಕಾ ಪೇರಲ ಗಿಡದ ಕೆಳಗೆ ತಾವೇ ಗುಂಡಿ ತೋಡಿದರು. ಅದು ಹುಚ್ಚುನಾಯಿ ರೋಗವೇ ಇರಬೇಕು, ಜೊಲ್ಲು ತಾಗಿದವರೆಲ್ಲ ಸೂಜಿ ಹಾಕಿಸಿಕೊಳ್ಳಬೇಕು ಎಂದು ತಿಳಿದು ಕಾಕು ನನ್ನ ಹೆಂಡತಿಯೊಂದಿಗೆ ಹೋಗಿ ಹಾಕಿಸಿಕೊಂಡು ಬಂದರು. ಕಾಕಾ ಏಳಲಿಲ್ಲ.

“ನಾ ತಗೊಂಡು ಬಂದೆ, ಸತ್ತೆನೇನು?” ಎಂದು ಕಾಕು ಬೇಡಿದರು. “ನಿಮ್ಮ ಕಾಲ ಹಿಡೀತೀನ್ರಿ.”

“ಕಚ್ಚಿದ್ರ ಸೂಜಿ. ಅದು ಕಚ್ಚಿಲ್ಲ. ನಾನ ಕೈ ಹಾಕೀನಿ. ತಪ್ಪು ಯಾರದು?”

“ರೋಗಕ್ಕ ಕೋರ್ಟಿನ ಲೆಕ್ಕ ನಡೆಯಂಗಿಲ್ರಿ ಕಾಕಾ,” ಎಂದೆ. “ಸ್ಕೂಟರ್ ಹೊರಗ ನಿಂತೈತಿ, ಬರ್ರಿ.”

ಆಗ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆ. “ತಮ್ಮಾ, ಸೂಜಿ ತಗೊಂಡ್ರ ಮೋತ್ಯಾಗ ಹುಚ್ಚು ಹಿಡಿದಿತ್ತು ಅಂತ ನಾನ ಒಪ್ಪಿದಂಗ ಆಗತೈತಿ. ಅದು ಅಂಥಾ ನಾಯಿ ಅಲ್ಲ.”

ಓಣಿಯಲ್ಲಿ ಎಲ್ಲರಿಗೂ ಉಪದೇಶ ಮಾಡಿದ ಮನುಷ್ಯ ಒಂದು ಸತ್ತ ನಾಯಿಯ ಮರ್ಯಾದೆಗೆ ಜಾಮೀನು ನಿಂತರು. ಮರುವಾರ ಖಾನಾಪುರಕ್ಕೆ ಹೊರಟರು. ಅಲ್ಲಿ ಅವರ ಅಕ್ಕ ಚಂಪಕ್ಕನ ಹಂಚಿನ ಮನೆ ಪ್ರತಿ ಮಳೆಗಾಲ ಸೋರುತ್ತಿತ್ತು. “ಮಳಿ ಘಟ್ಟ ಏರಿ ಜಾಂಬೋಟಿ ದಾಟಿತಂದ್ರ ಮ್ಯಾಲ ಹತ್ತಾಕ ಆಗಂಗಿಲ್ಲ. ಹಂಚು ಹೊಚ್ಚಿ ಬಂದ ಮ್ಯಾಲ ನಿನ್ನ ಸೂಜಿ” ಎಂದು ನನ್ನ ಬಾಯಿಯನ್ನೂ ಮುಚ್ಚಿದರು. ಕಾಕು ಮತ್ತು ನಾನು ಫೋನಿನಲ್ಲಿ ಗೋಗರೆದಾಗಲೆಲ್ಲ ಹಂಚಿನ ಮೇಲಿಂದಲೇ ಉತ್ತರ: “ಇನ್ನೊಂದು ಸಾಲು ಐತಿ.”

ಕೆಲಸ ಮುಗಿಸಿ ಬಂದಾಗ ಮೊದಲ ಮೋಡ ಕಟ್ಟಿತ್ತು. ಕೆಲವೇ ದಿನಗಳಲ್ಲಿ ಜ್ವರ, ಗೆಣ್ಣಿನಲ್ಲಿ ಜುಮುಜುಮು. ಆಮೇಲೆ ಚಹಾದ ಬಟ್ಟಲು ಕಂಡರೆ ಕುತ್ತಿಗೆ ಬಿಗಿಯತೊಡಗಿತು. ದವಾಖಾನೆಯಲ್ಲಿ ಡಾಕ್ಟರರು ಕಾಕುವನ್ನು ಕೂರಿಸಿ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು. ನಾನು ಒಳಗೆ ಹೋದಾಗ ಫ್ಯಾನು ಆರಿಸಿದ್ದರು. ಗಾಳಿ ತಾಗಿದರೂ ಕಾಕಾ ಸೆಟೆಯುತ್ತಿದ್ದರು. ನಡುವೆ ಒಂದು ಕ್ಷಣ ಪೂರ್ತಿ ಎಚ್ಚರವಿತ್ತು. ನನ್ನನ್ನು ಗುರುತಿಸಿ, ತೊದಲುತ್ತ ಹೇಳಿದರು:

“ತಮ್ಮಾ, ಗಂಟಲಾಗ ಏನೋ ನಿಂತೈತಿ. ಈ ಮಂದಿ ದೂರ ನಿಂತ ನೋಡತಾರ. ಒಬ್ಬರೂ ಕೈ ಹಾಕಿ ನೋಡವಲ್ರು.”

ಅದು ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ನಾನೂ ದೂರವೇ ನಿಂತಿದ್ದೆ.

ಓಣಿಯ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮನೆಗೆ ಬಂದವರು ಕಡಿಮೆ. ಯಾರ ಮನೆಯ ನಳಗಳಿಗೆಲ್ಲ ಅವರು ಸೈಕಲ್ ಟ್ಯೂಬಿನ ವಾಷರ್ ಕೂರಿಸಿದ್ದರೋ ಅವರೇ, “ಶಾಣ್ಯಾ ಮಾಸ್ತರ, ಹೇಳಿದ್ದ ಕೇಳಲಿಲ್ಲ” ಎಂದು ಅದೇ ನಳದಲ್ಲಿ ಕೈ ತೊಳೆದುಕೊಂಡರು.

ಮಳೆ ಹಿಡಿದ ಮೇಲೆ ಕಾಕುವನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಇಬ್ಬರೂ ತೊಯ್ದಿದ್ದೆವು. ಒಳಗೆ ಚಂಪಕ್ಕ ವರ್ಷದ ರೂಢಿಯಂತೆ ಪಡಸಾಲೆಯಲ್ಲಿ ಕೊಡ, ತಪ್ಪೇಲಿ, ಪರಾತ ಹರವಿ ಕುಳಿತಿದ್ದರು. ಹೊರಗೆ ಅಂಗಳ ಕಾಣದಂತೆ ಮಳೆ ಹೊಡೆಯುತ್ತಿತ್ತು. ಪಾತ್ರೆಗಳೆಲ್ಲ ಒಣಗಿದ್ದವು.

“ಒಂದ ಹನಿ ಇಲ್ಲ ನೋಡು ಶಾಂತಾ,” ಎಂದರು ಚಂಪಕ್ಕ. “ಇಷ್ಟ ವರ್ಷ ಸೋರಿತ್ತು, ನಾವೇನು ಹರದ ಹೋಗಿದ್ದಿವೇನು? ಇನ್ನೊಂದು ವರ್ಷ ಸೋರತಿತ್ತು.”

ಚಂಪಕ್ಕ ಎದ್ದು, ಮೂಲೆಯಲ್ಲಿದ್ದ ಬಿದಿರಿನ ಗಳ ಹಿಡಿದು, ಜಂತಿಯ ಸಂದಿಯಿಂದ ಒಂದು ಹಂಚನ್ನು ಬಲವಾಗಿ ತಿವಿದರು. ಇನ್ನೊಮ್ಮೆ ತಿವಿದರು. ಆಮೇಲೆ ಬಾಜುವಿನ ಹಂಚು. ಅಲ್ಲಾಡಲಿಲ್ಲ, ಒಂದೊಂದಕ್ಕೂ ತಂತಿ ಸುತ್ತಿ ಬಿಗಿದಿತ್ತು.

“ಕಟ್ಟ್ಯಾನ, ಭಾಡ್ಯಾ,” ಎಂದು ಗಳ ಕೆಳಗಿಟ್ಟು, ಚಂಪಕ್ಕ ಒಣ ಪಾತ್ರೆಗಳ ನಡುವೆ ಕುಳಿತರು.