ಎಣ್ಣೆಬಣ್ಣದ ಹಿಂದಿನ ಕೈ

ನನಗೆ ಎಣ್ಣೆಬಣ್ಣದ ಮೇಲೆ ನಂಬಿಕೆಯಿಲ್ಲ. ನಮ್ಮವರಲ್ಲಿ ಯಾರು ಹೊಸ ಮನೆ ಕಟ್ಟಿಸಿದರೂ ಬಣ್ಣದ ಚೀಟಿಗಳಿರುವ ಪುಸ್ತಕವನ್ನು ತಂದು ನನ್ನ ಮುಂದೆ ಹಿಡಿಯುತ್ತಾರೆ. ಪಡಸಾಲೆಗೆ ಯಾವುದು, ಅಡುಗೆಮನೆಗೆ ಯಾವುದು, ಹಿರಿಯರು ನೀವೇ ಹೇಳಿ ಎನ್ನುತ್ತಾರೆ. ಕನ್ನಡಕ ಸಿಗುತ್ತಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ. ಬಣ್ಣ ಯಾವುದಾದರೇನು? ಗೋಡೆಗೆ ಬ್ರಷ್ ಮುಟ್ಟಿಸುವ ಮೊದಲು ಅಲ್ಲಿ ಯಾರ ಕೈ ಇತ್ತು ಎಂದು ಕೇಳಬೇಕು. ನಾನು ಒಮ್ಮೆ ಕೇಳದೆ ಹಚ್ಚಿಸಿದೆ.

ನನ್ನ ತವರು ಲಿಂಗಸುಗೂರು. ನಮ್ಮದು ಕಲ್ಲಿನ ಮನೆ. ಬಾಗಿಲಿನ ಮೇಲೆ ನಿಜಾಮರ ಕಾಲದ ಕಮಾನು, ಗೋಡೆಯಲ್ಲಿ ದೀಪವಿಡುವ ತಾಕು, ನೆಲಕ್ಕೆ ಪರಸಿ ಕಲ್ಲು. ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಶೃಂಗಾರ ಮುಗಿಯಿತು. ಇಪ್ಪತ್ತೆರಡು ತುಂಬಿದರೂ ಮದುವೆಯಾಗಲಿಲ್ಲವೆಂದು ಓಣಿಯವರು ಗುಸುಗುಸು ಶುರು ಮಾಡಿದ ಮೇಲೆ ಅಪ್ಪ ನನ್ನನ್ನು ಸಿಂಧನೂರಿಗೆ ಎರಡನೇ ಸಂಬಂಧಕ್ಕೆ ಕೊಟ್ಟ. ಆ ಸೀಮೆಯ ಕಾಲುವೆಗೆ ನೀರು ಬಂದು ಏಳೆಂಟು ವರ್ಷವಾಗಿತ್ತು. ಬಸ್ಸು ಮಸ್ಕಿ ದಾಟುವವರೆಗೂ ನಮ್ಮದೇ ಜೋಳದ ಹೊಲಗಳು, ಕರಿ ಬಂಡೆಗಳು. ಆಮೇಲೆ ಎರಡೂ ಕಡೆ ನೀರು ನಿಂತ ಭತ್ತದ ಗದ್ದೆ. ಇಷ್ಟು ನೀರಿನ ನಡುವೆ ಜನ ಹೇಗೆ ನಿದ್ದೆ ಮಾಡುತ್ತಾರೋ ಎಂದು ನನಗೆ ದಿಗಿಲಾಯಿತು.

ಗಂಡ ಸೌಡಿ. ಅಂದರೆ ಕಾಲುವೆಯ ತೂಬು ತೆಗೆದು ಮುಚ್ಚಿ ರೈತರ ಹೊಲಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಮನೆ ಊರಂಚಿಗೆ, ಕಾಲುವೆಯ ಪಕ್ಕದಲ್ಲೇ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮನೆಯಲ್ಲಿ ಅತ್ತೆ, ಗಂಡ, ಮತ್ತು ಮೊದಲ ಹೆಂಡತಿಯ ಏಳು ವರ್ಷದ ಮಗಳು. ಆ ಹೆಂಡತಿ ಎರಡನೇ ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋಗಿ ಎರಡು ವರ್ಷವಾಗಿತ್ತು. ನಾನು ಸೇರಕ್ಕಿ ಒದ್ದು ಒಳಗೆ ಬಂದಾಗ ಹುಡುಗಿ ಅಡುಗೆಮನೆಯ ಬಾಗಿಲ ಪಕ್ಕ ಗೋಡೆಗೆ ಎಡಗೈ ಊರಿ ನಿಂತಿದ್ದಳು. ಹತ್ತಿರ ಕರೆದೆ. ಬರಲಿಲ್ಲ. ನಾಚಿಕೆ ಎಂದುಕೊಂಡೆ.

ಆ ಮನೆಯನ್ನು ಸಿಂಗರಿಸಿದ ಕೈ ಸತ್ತವಳದ್ದು ಎಂದು ಒಂದೇ ದಿನದಲ್ಲಿ ಗೊತ್ತಾಯಿತು. ದೀಪದ ಗೂಡಿನ ಸುತ್ತ ಮಣ್ಣಿನಲ್ಲೇ ತಿದ್ದಿದ ಕಮಲದ ಎಸಳು ಆಕೆಯದು. ಕಟ್ಟೆಗಳ ಅಂಚಿಗೆ ಹುರಮಂಜು ಎಂಬ ಕೆಮ್ಮಣ್ಣಿನ ಪಟ್ಟಿ ಆಕೆಯದು. ಜಂತಿಗೆ ನೇತುಬಿದ್ದ ನೆಲುವಿನ ಹಗ್ಗ, ಅದರ ಗಂಟುಗಳು, ಬಾಗಿಲ ಮೇಲಿನ ಗಾಜಿನ ಮಣಿಯ ತೋರಣ, ಎಲ್ಲವೂ ಆಕೆಯವು. ಗೋಡೆಗೆ ಮಣ್ಣು ಸಗಣಿ ಸಾರಿಸಿದಾಗ ಬೆರಳುಗಳು ಎಳೆಯುವ ಕಮಾನಿನ ಗೆರೆ ಇರುತ್ತದಲ್ಲ, ಅದೂ ಹಾಗೇ ಉಳಿದಿತ್ತು. ಆಕೆ ಎಡಚಿ. ಗೆರೆಗಳು ಎಡಕ್ಕೆ ವಾಲಿದ್ದವು. ನಾನು ನೆಲ ಸಾರಿಸುತ್ತ ಗೋಡೆಯ ಬುಡಕ್ಕೆ ಬಂದರೆ ನನ್ನ ಗೆರೆ ಬಲಕ್ಕೆ ವಾಲಿ ಆಕೆಯ ಗೆರೆಗೆ ಎದುರು ನಿಲ್ಲುತ್ತಿತ್ತು. ದಿನಾ ಬೆಳಿಗ್ಗೆ ಒಬ್ಬಳ ಜೊತೆ ಜಗಳ ಆಡಿ ಎದ್ದಂತಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಆಕೆಯ ಎಡಗೈಯ ಗುರುತು. ಆ ಮನೆತನದಲ್ಲಿ ದೀಪಾವಳಿಗೆ ಗೋಡೆ ಸಾರಿಸಿ ಸುಣ್ಣ ಬಳಿದ ಮೇಲೆ, ಕೆಲಸ ಮಾಡಿದ ಹೆಂಗಸು ಅಂಗೈಯನ್ನು ಹುರಮಂಜಿನಲ್ಲಿ ಅದ್ದಿ ಅಡುಗೆಮನೆಯ ಬಾಗಿಲ ಪಕ್ಕ ಒತ್ತಬೇಕು. ಮುಂದಿನ ವರ್ಷ ಅದರ ಮೇಲೆಯೇ ಸುಣ್ಣ, ಮತ್ತೆ ಹೊಸ ಕೈ. ಆಕೆ ಹೋದ ಮೇಲೆ ಅತ್ತೆ ಆ ಒಂದು ಕೈಯನ್ನು ಬಿಟ್ಟು ಸುತ್ತಲೂ ಸುಣ್ಣ ಬಳಿಯುತ್ತಿದ್ದರು. ಒಲೆಯ ಮುಂದೆ ಕುಳಿತರೆ ಅದು ಸರಿಯಾಗಿ ನನ್ನ ಬೆನ್ನಿಗೆ ಬರುತ್ತಿತ್ತು. ರೊಟ್ಟಿ ತಟ್ಟುವಾಗ ಎರಡು ಹೆಗಲಿನ ನಡುವೆ ಯಾರೋ ಕೈ ಇಟ್ಟಂತಾಗಿ ತಿರುಗಿ ನೋಡುತ್ತಿದ್ದೆ. ನೋಡಿದರೆ ಹುಡುಗಿ ನಿಂತಿರುತ್ತಿದ್ದಳು, ಇಲ್ಲವೇ ಯಾರೂ ಇರುತ್ತಿರಲಿಲ್ಲ. ಎರಡೂ ನನಗೆ ಹೆದರಿಕೆಯೇ.

ಹುಡುಗಿ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವ್ವ ಅನ್ನಲಿ ಎಂಬ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಿಕ್ಕಮ್ಮನೆಂದು ಚಿಗವ್ವ ಅಂದಿದ್ದರೂ ಸಾಕಿತ್ತು. ನೀರು ಬೇಕಾದರೆ ಬಂದು ತಂಬಿಗೆ ತೋರಿಸುತ್ತಿದ್ದಳು. ನನಗೆ ಆ ಮನೆಯಲ್ಲಿ ಬೇಕಿದ್ದದ್ದು ಆ ಒಂದು ಕರೆ. ಅದು ಸಿಗದಿರುವುದಕ್ಕೆ ಗೋಡೆಯೇ ಕಾರಣ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಆ ವಯಸ್ಸಿನಲ್ಲಿ ನನ್ನ ತಲೆ ಹಾಗೆಯೇ ಓಡುತ್ತಿತ್ತು.

ಅಷ್ಟರಲ್ಲಿ ಜವಳಗೇರಾ ಕಡೆಯ ಒಂದು ಕ್ಯಾಂಪಿಗೆ, ಅಂದರೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಹೊಸ ಊರಿಗೆ, ಒಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ನಾನು ಬಾಯಿ ಬಿಟ್ಟು ನೋಡಿದೆ. ಎದೆಮಟ್ಟಕ್ಕೆ ಹಸಿರು ಎಣ್ಣೆಬಣ್ಣ, ಅದರ ಮೇಲೆ ತೆಳು ನೀಲಿ ಡಿಸ್ಟೆಂಪರ್, ನಡುವೆ ಬೆರಳಗಲದ ಕರಿ ಪಟ್ಟಿ. ಕೆಂಪು ಸಿಮೆಂಟಿನ ನೆಲದಲ್ಲಿ ಮುಖ ಕಾಣುತ್ತಿತ್ತು. ಗಾಜಿನ ಕಪಾಟಿನಲ್ಲಿ ಪಿಂಗಾಣಿ ಬಾತುಕೋಳಿಗಳು, ಪ್ಲಾಸ್ಟಿಕ್ ಗುಲಾಬಿ. ಅಲ್ಲಿ ಸತ್ತವರು ಯಾರೂ ಇರಲಿಲ್ಲ. ಎಲ್ಲವೂ ಹೊಸದು, ಎಲ್ಲವೂ ಒರೆಸಿದರೆ ಕಲೆ ಹೋಗುವಂಥದ್ದು. ಆ ಕಾಲದಲ್ಲಿ ಕಾಲುವೆಯ ಕೆಳಗಿನ ಊರುಗಳಲ್ಲೆಲ್ಲ ಇದೇ ಶೋಕಿ ಹಬ್ಬಿತ್ತು. ಕೆಳಗೆ ಹಸಿರು, ಮೇಲೆ ನೀಲಿ ಇಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರೂ ಇದ್ದರು.

ಶ್ರಾವಣದಲ್ಲಿ ಅತ್ತೆ ಹುಡುಗಿಯನ್ನು ಕರೆದುಕೊಂಡು ಗುರುಗುಂಟಾಕ್ಕೆ, ತಮ್ಮ ಮಗಳ ಬಾಣಂತನಕ್ಕೆ ಹೋದರು. ನಾನು ಅದೇ ಸಮಯ ನೋಡಿ ಗಂಡನನ್ನು ಕೇಳಿದೆ.

"ಮನಿಗೆ ಪೇಂಟ್ ಹಚ್ಚಿಸೋಣೇನ್ರೀ?"

"ಹಚ್ಚಿಸು," ಎಂದರು. ತೂಬಿನ ಕೀಲಿ ಹುಡುಕುತ್ತಿದ್ದರು. ನಾನು ಏನು ಕೇಳಿದೆನೆಂದು ಅವರಿಗೆ ತಿಳಿದಿತ್ತೋ ಇಲ್ಲವೋ.

ಕ್ಯಾಂಪಿನಿಂದಲೇ ಪೇಂಟರ್ ಬಂದ. ವಯಸ್ಸಾದವನು. ಗೋಡೆಯ ಬುಡಕ್ಕೆ ಉಗುರು ಒತ್ತಿ ನೋಡಿ, "ಮಣ್ಣು ಗೋಡ ಇದು, ತಡಿ ಐತಿ. ಪೇಂಟ್ ನಿಲ್ಲಲ್ಲಮ್ಮಾ. ಬ್ಯಾಸಿಗಿ ಬರಲಿ," ಎಂದ. ತಡಿ ಅಂದರೆ ಅವರ ಭಾಷೆಯಲ್ಲಿ ಹಸಿ. ಅತ್ತೆ ಬರುವುದರೊಳಗೆ ಮುಗಿಯಬೇಕೆಂದು ನಾನು ಹಟ ಹಿಡಿದೆ. ಅಡುಗೆಮನೆಯ ಬಾಗಿಲಿಗೆ ಬಂದಾಗ ಅವನ ಬ್ರಷ್ ನಿಂತಿತು.

"ಈ ಕೈ?"

"ಅದರ ಮ್ಯಾಲೂ ಹಚ್ಚು."

ಅವನು ನನ್ನನ್ನು ಒಂದು ಸಲ ನೋಡಿ, ಹಚ್ಚಿದ. ಎರಡು ಪದರ ಹಚ್ಚಿಸಿದೆ. ಕೈಗುರುತಿನ ಬುಡದಲ್ಲಿ ಒಂದು ಮಾಸಲು ಕಲೆ ಇತ್ತು, ಯಾರೋ ದಿನಾ ಮುಟ್ಟಿ ಮುಟ್ಟಿ ಕಪ್ಪಾದಂಥದ್ದು. ಹೊಲಸು ಎಂದು ಅದನ್ನೂ ಮುಚ್ಚಿಸಿದೆ. ಆ ದಿನ ಒಲೆಯ ಮುಂದೆ ನೆಮ್ಮದಿಯಾಗಿ ಕುಳಿತು ಹತ್ತು ರೊಟ್ಟಿ ಮಾಡಿದೆ. ತಿನ್ನುವವರು ಇಬ್ಬರೇ ಇದ್ದೆವು.

ಬಣ್ಣದ ಕೆಲಸ ಮುಗಿದ ನಾಲ್ಕು ದಿನಕ್ಕೆ ಅತ್ತೆ, ಹುಡುಗಿ ಬಂದರು. ಹುಡುಗಿ ಚೀಲ ಕೆಳಗಿಟ್ಟು ನೇರವಾಗಿ ಅಡುಗೆಮನೆಯ ಬಾಗಿಲಿಗೆ ಓಡಿದಳು. ಕೈ ಇದ್ದ ಜಾಗದಲ್ಲಿ ಎಡಗೈ ಇಟ್ಟಳು. ಹಸಿ ಗೋಡೆಯಲ್ಲಿ ಬಣ್ಣ ಪೂರ್ತಿ ಒಣಗಿರಲಿಲ್ಲ. ಕೈ ತೆಗೆದಾಗ ಅಂಗೈ ಹಸಿರಾಗಿತ್ತು. ಅವಳು ಅಳಲಿಲ್ಲ. ಆ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹಿತ್ತಲಿಗೆ ಹೋದಳು.

ಅತ್ತೆ ಗೋಡೆಯನ್ನೇ ನೋಡುತ್ತ ಕುಳಿತರು.

"ಮುಖ ತೊಳದು ದಿನಾ ಅಲ್ಲಿ ಕೈ ಇಟ್ಟು ನೋಡ್ತಿತ್ತು ಕೂಸು. ಅವ್ವನ ಕೈ ಅಷ್ಟು ತನ್ನ ಕೈ ಯಾವಾಗ ಆಕೈತಿ ಅಂತ."

"ನನಗ್ಯಾಕ ಹೇಳಲಿಲ್ರೀ ಅತ್ತಿ?"

"ನೀ ಕೇಳಿದ್ದೇನ್ ಬೇ?"

ನಾನು ಕೇಳಿರಲಿಲ್ಲ. ಬಂದು ಹತ್ತು ತಿಂಗಳಾಗಿದ್ದರೂ ಒಂದು ದಿನವಾದರೂ ಆ ಮಗುವಿಗೆ, ಅಲ್ಲೇಕೆ ನಿಲ್ಲುತ್ತೀ ಎಂದು ಕೇಳಿರಲಿಲ್ಲ. ಆ ಮಾಸಲು ಕಲೆ ಅವಳ ಕೈಯದು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಟ್ಟೆಗೆ ಸೀಮೆಎಣ್ಣೆ ಹಾಕಿ ಆ ಜಾಗವನ್ನು ತಿಕ್ಕಿದೆ. ಮೇಲಿನ ಹಸಿ ಸ್ವಲ್ಪ ಬಟ್ಟೆಗೆ ಬಂತು, ಉಳಿದ ಬಣ್ಣ ಇನ್ನಷ್ಟು ಹೊಳೆಯಿತು ಅಷ್ಟೆ.

ಅಂದಿನಿಂದ ಹುಡುಗಿ ತಂಬಿಗೆ ತೋರಿಸುವುದನ್ನೂ ಬಿಟ್ಟಳು. ನಾನು ಬಡಿಸಿದರೆ ಉಣ್ಣುತ್ತಿರಲಿಲ್ಲ. ಅದೇ ತಟ್ಟೆಯನ್ನು ಅತ್ತೆ ಕೊಟ್ಟರೆ ಉಣ್ಣುತ್ತಿದ್ದಳು. ಗಂಡ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಮನೆಯೊಳಗೆ ಬಂದರೆ ಆ ಗೋಡೆಯ ಕಡೆ ನೋಡದೆ ಹಾಯುತ್ತಿದ್ದರು. ಬೈದಿದ್ದರೆ ನಾನು ಬದುಕುತ್ತಿದ್ದೆ.

ದೀಪಾವಳಿ ಬಂತು. ಎಣ್ಣೆಬಣ್ಣದ ಗೋಡೆಗೆ ಸುಣ್ಣವೆಲ್ಲಿ, ಸಾರಣೆಯೆಲ್ಲಿ? ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಕೈ ಒತ್ತಲಿಲ್ಲ.

ಹೊಲಗಳಿಗೆ ನೀರು ಹೆಚ್ಚಾಗಿ ಸವುಳು ಏರತೊಡಗಿದ್ದ ಕಾಲ ಅದು. ನೆಲದ ಕೆಳಗಿನ ಉಪ್ಪು ಮೇಲೆ ಬಂದು ಗದ್ದೆಯ ಅಂಚು ಬೆಳ್ಳಗಾಗುತ್ತಿತ್ತು. ಮನೆಯ ಗೋಡೆಗಳೂ ಅದೇ ನೀರು ಕುಡಿಯುತ್ತಿದ್ದವು. ಮೊದಲಾಗಿದ್ದರೆ ಮಣ್ಣು ಕುಡಿದ ನೀರು ಆರಿ ಹೋಗುತ್ತಿತ್ತು. ಈಗ ಮೇಲೆ ಎರಡು ಪದರ ಎಣ್ಣೆಬಣ್ಣ. ಚಳಿಗಾಲದ ಹೊತ್ತಿಗೆ ಹಸಿರಿನ ಮೇಲೆ ಬೊಬ್ಬೆಗಳೆದ್ದವು. ಎಲ್ಲಕ್ಕಿಂತ ದೊಡ್ಡದು ಅಡುಗೆಮನೆಯ ಬಾಗಿಲ ಪಕ್ಕ, ಸರಿಯಾಗಿ ಕೈ ಇದ್ದಲ್ಲಿ. ಪೇಂಟರ್ ಮೊದಲೇ ಹೇಳಿದ್ದು ನನಗೆ ನೆನಪಿತ್ತು. ಆದರೂ ಮಧ್ಯಾಹ್ನ ಒಬ್ಬಳೇ ಇದ್ದಾಗ ಗೋಡೆ ಟಿಕ್ ಎಂದರೆ ಕೈಯಲ್ಲಿನ ಕೆಲಸ ಬಿಟ್ಟು ತಿರುಗುತ್ತಿದ್ದೆ. ಬಣ್ಣ ಬಿಡುವ ಸದ್ದು ಎಂದು ಬುದ್ಧಿ ಹೇಳುತ್ತಿತ್ತು. ಆಕೆ ಒಳಗಿನಿಂದ ಒತ್ತುತ್ತಿದ್ದಾಳೆ ಎಂದು ಬೆನ್ನು ಹೇಳುತ್ತಿತ್ತು. ನಾನು ಒಲೆಯ ಈ ಕಡೆ ಬಂದು, ಹೊಗೆಗೆ ಮುಖ ಕೊಟ್ಟು, ಗೋಡೆಗೆ ಎದುರಾಗಿ ಕುಳಿತು ರೊಟ್ಟಿ ಮಾಡಲು ಶುರು ಮಾಡಿದೆ.

ಹಾಗೆ ಕುಳಿತ ಒಂದು ದಿನ ನನ್ನ ಕಣ್ಣೆದುರೇ ಬೊಬ್ಬೆ ಒಡೆಯಿತು. ತಟ್ಟೆಯಗಲದ ಹಸಿರು ಹಾಳೆ ಮೇಲಿನಿಂದ ಬಿಟ್ಟುಕೊಂಡು ಮುಂದಕ್ಕೆ ಬಾಗಿತು. ಬಿದ್ದು ಪುಡಿಯಾದೀತೆಂದು ಎದ್ದು ಓಡಿ ಎರಡೂ ಕೈಯಿಂದ ಹಿಡಿದೆ. ಅದು ಗೋಡೆಯಿಂದ ಪೂರ್ತಿ ಕಳಚಿ ನನ್ನ ಕೈಗೇ ಬಂತು. ಗೋಡೆಯಲ್ಲಿ ಬರಿ ಮಣ್ಣು, ಬಿಳಿ ಉಪ್ಪಿನ ಹರಳು. ಕೈ ಇರಲಿಲ್ಲ. ಹಾಳೆಯನ್ನು ತಿರುಗಿಸಿ ನೋಡಿದೆ. ಸುಣ್ಣ ಉಪ್ಪಿಗೆ ಪುಡಿಯಾಗಿ ಉದುರಿ, ಅದರ ಮೇಲಿನ ಹುರಮಂಜನ್ನು ಮಾತ್ರ ಬಣ್ಣ ಕಿತ್ತುಕೊಂಡು ಬಂದಿತ್ತು. ಐದು ಬೆರಳೂ ಹಾಳೆಯ ಬೆನ್ನಿಗೆ ಅಂಟಿದ್ದವು.

ನಾನು ಹಾಳೆಯನ್ನು ಹಿಡಿದುಕೊಂಡು ಅಲ್ಲಿಯೇ ಕುಳಿತೆ. ಹುಡುಗಿ ಶಾಲೆಯಿಂದ ಬಂದವಳು ಬಾಗಿಲಲ್ಲಿ ನಿಂತು ನೋಡಿದಳು. ಪಾಟಿ ಚೀಲ ಕೆಳಗಿಟ್ಟು ಬಂದು ನನ್ನ ಮುಂದೆ ಕುಳಿತಳು. ಎಡಗೈಯನ್ನು ಮೆಲ್ಲಗೆ ಆ ಗುರುತಿನ ಮೇಲೆ ಇಟ್ಟಳು. ಕೂಡಲಿಲ್ಲ. ಹೆಬ್ಬೆರಳು ಇರಬೇಕಾದ ಕಡೆ ಕಿರುಬೆರಳಿತ್ತು.

"ಇದು ಅವ್ವಂದಲ್ಲ," ಎಂದಳು.

"ಅವ್ವಂದ ಐತಿ ಅವ್ವೀ. ಇದು ಹಿಂದಿನ ಮಗ್ಗಲು. ತಿರುವ್ಯಾಮುರುವಿ ಆಗ್ಯಾದ."

ಅವಳು ಬಗ್ಗಿ ಹಾಳೆಯ ಹಸಿರು ಮಗ್ಗಲನ್ನೂ ನೋಡಿದಳು. ಆಮೇಲೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಪ್ಪಳ ಹಿಡಿದಷ್ಟು ಹುಷಾರಾಗಿ ನನ್ನ ಮುಂದೆ ಎತ್ತಿ ಹಿಡಿದಳು.

"ನಿನ್ನ ಕೈ ಇಡು."

ನನಗೆ ಜೀವ ಹೋದಷ್ಟು ಭಯವಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆಕೆಯನ್ನು ಒರೆಸಿ ಹಾಕಲು ಇಡೀ ಮನೆಗೆ ಬಣ್ಣ ಬಳಿಸಿದವಳು ನಾನು. ಬಲಗೈ ಎತ್ತಿ ಇಟ್ಟೆ. ಬೆರಳಿಗೆ ಬೆರಳು, ಹೆಬ್ಬೆರಳಿಗೆ ಹೆಬ್ಬೆರಳು ಕೂಡಿತು. ಎದುರಿಗೆ ಕುಳಿತ ಹೆಂಗಸೊಬ್ಬಳು ತನ್ನ ಎಡ ಅಂಗೈಯನ್ನು ನನ್ನ ಬಲ ಅಂಗೈಗೆ ಒತ್ತಿದರೆ ಹೇಗೋ ಹಾಗೆ. ಹುರಮಂಜು ತಣ್ಣಗಿತ್ತು.

ಹುಡುಗಿ ಹಾಳೆಯ ಅಂಚಿನಿಂದ ಇಣುಕಿ ನೋಡಿದಳು.

"ಅವ್ವ ಗ್ವಾಡಿ ಆ ಕಡಿ ಅದಾಳ. ಈ ಕಡಿ ನೀ ಅದಿ. ಅದಕ್ಕ ಕೂಡಾಕತ್ತೈತಿ."

ಲೆಕ್ಕ ಬಿಡಿಸಿದವಳ ಹಾಗೆ ಅಷ್ಟು ಹೇಳಿ, "ಕೈ ತೆಗಿಬ್ಯಾಡ ಚಿಗವ್ವ," ಎಂದಳು.

ತೋಳು ಜೋಮು ಹಿಡಿಯುವವರೆಗೂ ನಾನು ತೆಗೆಯಲಿಲ್ಲ.

ಆ ಹಾಳೆ ಉಳಿಯಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿಟ್ಟರೂ ಯುಗಾದಿಯ ಹೊತ್ತಿಗೆ ಪುಡಿಯಾಯಿತು. ಬೇಸಿಗೆಯೆಲ್ಲ ಕುಳಿತು ನಾನೇ ಗೋಡೆಯ ಹಸಿರನ್ನು ಕೆರೆದು ತೆಗೆದೆ. ಮುಂದಿನ ದೀಪಾವಳಿಗೆ ನಾನು ಮತ್ತು ಹುಡುಗಿ ಸೇರಿ ಸಾರಿಸಿದೆವು. ಅವಳ ಗೆರೆಗಳು ಎಡಕ್ಕೆ ವಾಲಿದವು, ನನ್ನವು ಬಲಕ್ಕೆ. ಅವಳು ಅವ್ವ ಎಂದು ನನ್ನನ್ನು ಯಾವತ್ತೂ ಕರೆಯಲಿಲ್ಲ. ಮೊಮ್ಮಕ್ಕಳನ್ನು ಕಂಡ ಮೇಲೂ ಚಿಗವ್ವ ಎಂದೇ ಕರೆಯುತ್ತಾಳೆ. ನನಗೆ ಅದಕ್ಕಿಂತ ಹೆಚ್ಚು ಬೇಕೆನಿಸಿಲ್ಲ.

ಈಗ ನಾನಿರುವ ಮನೆಯ ಗೋಡೆಗಳು ಸಿಮೆಂಟಿನವು, ಮೇಲೆ ನಯವಾದ ಬಣ್ಣ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಬಾಗಿಲ ಪಕ್ಕ ಬಲಗೈಯನ್ನು ಗೋಡೆಗೆ ಒತ್ತಿ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಆ ಕಡೆಯಿಂದ ತಣ್ಣಗೆ ಒತ್ತಿದಂತಾಗುತ್ತದೆ. ಅಜ್ಜಿಗೆ ಸೊಂಟನೋವು, ಅದಕ್ಕೇ ಗೋಡೆ ಹಿಡಿದು ನಿಲ್ಲುತ್ತಾಳೆ ಎಂದು ಮೊಮ್ಮಕ್ಕಳು ತಿಳಿದಿದ್ದಾರೆ. ಹಾಗೆಯೇ ತಿಳಿದಿರಲಿ.