ಹೆಲ್ಮೆಟ್‌ನಲ್ಲಿ ನಡೆದ ಎಲೆಕ್ಷನ್

ಹೋದ ತಿಂಗಳು ನನ್ನ ಗಂಡ ಒಂದು ಎಲೆಕ್ಷನ್ ಗೆದ್ದರು. ಅಂಥದ್ದೊಂದು ಎಲೆಕ್ಷನ್ನೇ ಇರಲಿಲ್ಲ ಅನ್ನುವುದು ನಾಲ್ಕು ದಿನ ಬಿಟ್ಟು ಗೊತ್ತಾಯಿತು.

ತಪ್ಪು ನನ್ನದು. ಹೇಳಿಬಿಡುತ್ತೇನೆ.

ನಮ್ಮ ಯಜಮಾನರು ಬಸವರಾಜ್ ಹರಿಹರದ ಒಂದು ಪಂಪ್ ಕಾರ್ಖಾನೆಯಲ್ಲಿ ಲೇತ್ ಮಷಿನ್ ಆಪರೇಟರ್. ಹತ್ತೊಂಬತ್ತು ವರ್ಷದಿಂದ ನಮ್ಮ ಬಡಾವಣೆ ನಿಟ್ಟುವಳ್ಳಿಯಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದಾರೆ. ಮಾಲೀಕರು ಯುರೋಪಿನವರು. (ಕಂಪನಿ ಹೆಸರು ಬೇಡ, ಇವರು ಇನ್ನೂ ಅಲ್ಲೇ ದುಡಿಯಬೇಕಲ್ಲ!) ಆ ಕಂಪನಿ ಪಕ್ಕದ ದೇಶದ ಇನ್ನೊಂದು ಕಂಪನಿಯ ಜೊತೆ ಸೇರಿ ಒಂದಾಗುತ್ತದಂತೆ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಇನ್ನೊಂದು: ಹರಿಹರದ ಮಷಿನ್‌ಗಳನ್ನು ಬಿಚ್ಚಿ ಬೇರೆ ಕಡೆ ಒಯ್ಯುತ್ತಾರಂತೆ.

ನಲವತ್ತೇಳನೇ ವಯಸ್ಸಿನಲ್ಲಿ ಲೇತ್ ಬಿಟ್ಟರೆ ಇವರಿಗೆ ಬೇರೇನು ಗೊತ್ತು? ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಕೂತುಬಿಡುತ್ತಿದ್ದರು. ಕೇಳಿದರೆ "ಏನಿಲ್ಲ ಬಿಡು". ನನಗೆ ನಿಜಕ್ಕೂ ಭಯವಾಗಿತ್ತು.

ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ಒಂದು ಇಂಗ್ಲಿಷ್ ಸುತ್ತೋಲೆ ಬಿತ್ತು. ಎಲ್ಲ ದೇಶದ ಕಾರ್ಖಾನೆಗಳಿಗೂ ಕಳಿಸಿದ್ದು. ಇವರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದರು.

"ನೀ ಪೇಪರ್‌ಗೆ ಬರೀತೀಯಲ್ಲ, ಇದೇನೈತೆ ಕನ್ನಡದಾಗ ಹೇಳು ನೋಡಾಣ."

ಓದಿದೆ. ಎರಡು ದೇಶದ ಕಂಪನಿಗಳು ಹೀಗೆ ಒಂದಾಗುವ ಮುಂಚೆ ಕೆಲಸಗಾರರ ಜೊತೆ ಕೂತು ಮಾತಾಡಲೇಬೇಕು, ಅದು ಅಲ್ಲಿನ ಕಾನೂನು. ಪ್ರತಿ ದೇಶದ ಕೆಲಸಗಾರರೂ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸಬೇಕು. ಮುಂದೆ ದೊಡ್ಡ ಬದಲಾವಣೆ ಏನೇ ಮಾಡುವುದಿದ್ದರೂ ಅವರಿಗೆ ಮೊದಲು ತಿಳಿಸಿ ಅಭಿಪ್ರಾಯ ಕೇಳಬೇಕು. ಮಾತುಕತೆ ಕುದುರಿದರೆ ಕಂಪನಿಯ ಆಡಳಿತ ಮಂಡಳಿಯಲ್ಲೂ ಒಂದೆರಡು ಕುರ್ಚಿ!

ಮೂರು ಪುಟ ಮುಗಿಸಿ ಘೋಷಿಸಿದೆ: "ನೀವೂ ಒಬ್ಬರನ್ನ ಆರಿಸ್ಬೇಕಂತ್ರಿ!" (ನಾಲ್ಕನೇ ಪುಟವೂ ಇತ್ತು. ಒಲೆ ಮೇಲೆ ಹಾಲೂ ಇತ್ತು.)

ಮರುದಿನ ಊಟದ ಬಿಡುವಿನಲ್ಲಿ ಸೇಫ್ಟಿ ಹೆಲ್ಮೆಟ್ಟೇ ಮತಪೆಟ್ಟಿಗೆಯಾಯಿತು. ಎಲ್ಲರೂ ಚೀಟಿ ಹಾಕಿದರು. ಯಾರ ಜೊತೆಗೂ ಜಗಳ ಆಡದ ನಮ್ಮವರು ಗೆದ್ದರು. ಸಂಜೆ ಬಸ್ಸಿಳಿಯುವಾಗ ಕೊರಳಲ್ಲಿ ಸೇವಂತಿಗೆ ಹಾರ! ಬಂದವರೇ ಸುತ್ತೋಲೆಯ ಕೆಳಗಿದ್ದ ವಿಳಾಸಕ್ಕೆ ನನ್ನ ಕೈಯಲ್ಲಿ ಮೇಲ್ ಬರೆಸಿದರು. "ಹರಿಹರದ ಚುನಾಯಿತ ಪ್ರತಿನಿಧಿಯ ನಮಸ್ಕಾರಗಳು. ನಮ್ಮ ಮಷಿನ್‌ಗಳು ಇಲ್ಲೇ ಇರುತ್ತವೆಯೇ?"

ನಾಲ್ಕನೇ ದಿನ ಎಚ್‌ಆರ್ ಮ್ಯಾನೇಜರ್ ಇವರನ್ನು ಕ್ಯಾಬಿನ್ನಿಗೆ ಕರೆಸಿದರು.

"ಬಸಣ್ಣ, ಕೊನೇ ಪುಟ ಓದೀರೇನ್ರಿ? ಇದು ಯುರೋಪಿನ ಕೆಲಸಗಾರರಿಗೆ ಮಾತ್ರ ಐತೆ. ಹರಿಹರ ಯಾವಾಗ ಯುರೋಪಿಗೆ ಹೋತು?"

ಇವರು ಮಷಿನ್ ವಿಷಯ ಕೇಳಿದರು. "ನನಗೂ ಏನೂ ಗೊತ್ತಿಲ್ರಿ" ಎಂಬ ಉತ್ತರ ಬಂತು. ಜೊತೆಗೆ, ಹಾಗೆಲ್ಲ ಮೇಲಿನವರಿಗೆ ನೇರ ಮೇಲ್ ಹಾಕಿದ್ದು ತಪ್ಪು ಎಂಬ ಎಚ್ಚರಿಕೆ.

ಕಾರ್ಖಾನೆ ಪೂರ್ತಿ ನಕ್ಕಿತು. ನನಗೆ ಮುಖ ತೋರಿಸಲಾರದಷ್ಟು ನಾಚಿಕೆ. ಇರುವ ಕೆಲಸಕ್ಕೂ ನಾನೇ ಕುತ್ತು ತಂದೆನೇ? ಇವರು ಒಂದು ಮಾತೂ ಬೈಯಲಿಲ್ಲ. "ಇರ್ಲಿ ಬಿಡು, ಹಾಲಾದ್ರೂ ಉಕ್ಕಲಿಲ್ಲಲ್ಲ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮೊನ್ನೆ ಬೆಳಿಗ್ಗೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊಬೈಲ್ ಟಿಂಗ್ ಅಂತು. ಯುರೋಪಿನ ಕೆಲಸಗಾರರ ಪ್ರತಿನಿಧಿ, ವೆಲ್ಡಿಂಗ್ ಮಾಡುವ ಒಬ್ಬ ಹೆಂಗಸು, ಉತ್ತರ ಬರೆದಿದ್ದರು. "ನಿಮ್ಮ ಮೇಲ್ ನಮ್ಮ ಕೈಗೂ ಬಂತು. ನಿಮಗೆ ಇಲ್ಲಿ ಮತವಿಲ್ಲ, ಕ್ಷಮಿಸಿ. ಆದರೆ ಕೇಳುವ ಹಕ್ಕು ನನಗಿದೆ. ನಿಮ್ಮ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿದೆ. ಹರಿಹರದಿಂದ ಒಂದು ಮಷಿನ್ನೂ ಹೋಗುವುದಿಲ್ಲ ಎಂದಿದ್ದಾರೆ. ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿದ್ದೇನೆ."

ಕೆಲಸಕ್ಕೆ ಹೊರಟಿದ್ದ ಇವರಿಗೆ ಓದಿ ಹೇಳಿದೆ. "ಇನ್ನೊಮ್ಮೆ ಓದು" ಅಂದರು. ಓದಿದೆ. "ಇನ್ನೊಮ್ಮೆ." ಮೂರನೇ ಸಲವೂ ಓದಿದೆ. ಇವರು ಒಂದೇ ಕಾಲಿಗೆ ಶೂ ಹಾಕಿಕೊಂಡು ಬಾಗಿಲಲ್ಲೇ ಕೂತು ಎರಡು ತಟ್ಟೆ ಮಂಡಕ್ಕಿ ತಿಂದರು. ಅಬ್ಬಾ, ಎಷ್ಟು ದಿನವಾಗಿತ್ತು ಇವರು ಹೊಟ್ಟೆತುಂಬ ತಿಂದು! ಅಷ್ಟರಲ್ಲಿ ಹೊರಗೆ ಕಂಪನಿ ಬಸ್ಸು ಹೊರಟೇಹೋಯಿತು.

"ಹೋಗ್ಲಿ ಬಿಡು. ನಾಳೇನೂ ಬರ್ತೈತೆ."

ನಮ್ಮನ್ನು ಕಂಡರಿಯದ ಆ ಹೆಂಗಸು ಎಲ್ಲಿದ್ದರೂ ತಣ್ಣಗಿರಲಿ. ಆದರೆ ಮೇಲ್‌ನಲ್ಲಿ ಇನ್ನೊಂದು ಸಾಲಿತ್ತು. (ಈ ಸಲ ಕೊನೆಯವರೆಗೂ ಓದಿದೆ!) "ಮಷಿನ್‌ಗಳು ಅಲ್ಲೇ ಇರುತ್ತವೆ ಎಂಬುದನ್ನು ನಿಮ್ಮ ಎಚ್‌ಆರ್ ಮ್ಯಾನೇಜರ್‌ಗೆ ಎರಡು ತಿಂಗಳ ಹಿಂದೆಯೇ ತಿಳಿಸಿದ್ದಾರಂತೆ."

ನಮ್ಮಲ್ಲಿ ಇದೇನು ಹೊಸದೇ? ಮನೆ ಮುಂದಿನ ರಸ್ತೆ ಅಗೆಯುತ್ತಾರೆ ಎಂಬುದೂ ಅಗೆದ ಮೇಲೇ ಗೊತ್ತಾಗುವುದು. ನಮ್ಮನ್ನು ಕೇಳುವುದಂತೂ ಇಲ್ಲ, ಹೇಳುವುದೂ ಇಲ್ಲವೇ?

ಆ ಕ್ಯಾಬಿನ್ನಿನಿಂದ ನಮ್ಮವರ ಲೇತ್‌ಗೆ ಇಪ್ಪತ್ತು ಹೆಜ್ಜೆಯಂತೆ. ಅಷ್ಟು ದೂರ ನಡೆದು ಬಂದು ಒಂದು ಮಾತು ಹೇಳಲು ಯಾವ ದೇಶದ ಕಾನೂನು ಬೇಕಿತ್ತು?