ಬೀಗದಕ್ಕ ಚರ್ಚು ಬಿಡಲಿಲ್ಲ

ಬೀಗದಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುವುದು ಪೂರ್ತಿ ನಿಜವಲ್ಲ. ಮೂಗಿನ ತುದಿಯ ಕೋಪ ಒಂದು ಸೀನು ಬಂದರೆ ಉದುರಿಹೋಗುತ್ತದೆ. ಅವಳದ್ದು ಬೂದಿ ಮುಚ್ಚಿದ ಕೆಂಡ. ವಾರಗಟ್ಟಲೆ ಆರದು. ಗಂಡ ಬಸ್ಸು ಓಡಿಸುವವನು. ಮನೆಗೆ ಬಂದೊಡನೆ ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದು ಕೇಳಿಸಿಕೊಂಡೇ ಇವತ್ತು ಮಾತಾಡಬಹುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ.

ಅವಳ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಇತ್ತು. ಮೂರಡಿ ಅಗಲ. ಗೋಡೆ ತುಂಬ ಹಲ್ಲು ಕೊರೆಯದ ಕೀಲಿಗಳು, ಮೇಜಿನ ಮೇಲೆ ಅರಗಳು, ಒಂದು ಇಕ್ಕಳ, ಒಂದು ದೀಪ. ಅಪ್ಪನಿಂದ ಬಂದ ಕಸುಬು. ಅಪ್ಪ ಹೋದ ಮೇಲೆ, ಹೆಂಗಸು ಬೀಗ ಬಿಚ್ಚುವುದೆಂದರೇನು ಎಂದು ನಕ್ಕವರೆಲ್ಲ ಒಂದಲ್ಲ ಒಂದು ದಿನ ಮನೆಯ ಕೀಲಿ ಕಳೆದುಕೊಂಡು ಅವಳ ಮುಂದೆ ಬಂದು ನಿಂತಿದ್ದರು. ವಯಸ್ಸು ಐವತ್ನಾಲ್ಕಾದರೂ ಕೈ ನಡುಗುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಔಷಧಿ ಅಂಗಡಿಯವನು ಫೋನ್ ಮಾಡಿದ. ಅವನು ಅವರ ಬ್ಯಾಪ್ಟಿಸ್ಟ್ ಚರ್ಚಿನ ಆಡಳಿತ ನೋಡಿಕೊಳ್ಳುವ ನಾಲ್ಕು ಜನ ಸಭಾಸೇವಕರಲ್ಲಿ ಒಬ್ಬ.

"ಅಕ್ಕಾ, ಚರ್ಚಿನ ಹಿಂದಿನ ಕೋಣೆಗೆ ಒಂದು ಹೊಸ ಬೀಗ ಹಾಕ್ಬೇಕಿತ್ತು. ಇವತ್ತೇ ಆದ್ರೆ ಒಳ್ಳೇದು."

ಅವಳು ಚೀಲ ತೂಗುಹಾಕಿಕೊಂಡು ಹೊರಟಳು. ಹಿಂದಿನ ಕೋಣೆ ಎಂದರೆ ಪೊರಕೆ ಮಾಮನ ಕೋಣೆ. ಮೂವತ್ತು ವರ್ಷದಿಂದ ಚರ್ಚು ಗುಡಿಸಿ, ಬೆಂಚು ಒರೆಸಿ, ದೀಕ್ಷಾಸ್ನಾನದ ದಿನ ತೊಟ್ಟಿಗೆ ನೀರು ತುಂಬಿಸುವವನು ಅವನೇ. ಮದುವೆಯಾಗಿರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು, ಅಣ್ಣನ ಮಗಳ ಮನೆಯಲ್ಲಿ ಎರಡು ವಾರ ಇದ್ದು ಬರಲು ಹೋಗಿದ್ದ. ಪಾಪ, ಹಳೇ ಬೀಗ ಕೆಟ್ಟಿರಬೇಕು, ಬರುವಷ್ಟರಲ್ಲಿ ಸರಿಮಾಡಿ ಇಡೋಣ ಎಂದುಕೊಂಡೇ ಅವಳು ಅಂಗಳಕ್ಕೆ ಕಾಲಿಟ್ಟಳು.

ಜಗುಲಿಯ ಮೇಲೆ ಒಂದು ತಗಡಿನ ಪೆಟ್ಟಿಗೆ, ಸುತ್ತಿದ ಹಾಸಿಗೆ, ರೇಡಿಯೊ, ಎರಡು ಜೊತೆ ಚಪ್ಪಲಿ. ಮಾಮನ ಅಂಗಿಗಳನ್ನು ಒಂದು ಗೊಬ್ಬರದ ಚೀಲಕ್ಕೆ ತುರುಕಿದ್ದರು. ಪಾಸ್ಟರ್ ಮತ್ತು ಔಷಧಿ ಅಂಗಡಿಯವನು ಕೋಣೆಯೊಳಗೆ ಅಳತೆ ಪಟ್ಟಿ ಹಿಡಿದು ನಿಂತಿದ್ದರು.

"ಮಾಮ ಎಲ್ಲಿಗೆ ಹೋಗ್ತಾರಂತೆ?" ಎಂದಳು.

"ಅವರಿಗೂ ವಯಸ್ಸಾಯ್ತಲ್ಲ ಅಕ್ಕಾ," ಎಂದರು ಪಾಸ್ಟರ್. ಅವರು ಈ ಚರ್ಚಿಗೆ ಬಂದು ಆರು ವರ್ಷವಾಗಿತ್ತು, ಬೆಣ್ಣೆಯಂಥ ಮಾತು. "ಅಣ್ಣನ ಮಗಳು ನೋಡ್ಕೊಳ್ತಾಳೆ. ಈ ಕೋಣೇಲಿ ನಾವು ರೆಕಾರ್ಡಿಂಗ್ ಶುರು ಮಾಡ್ತೀವಿ. ಭಾನುವಾರದ ಸಂದೇಶ ಹೊರಗಿನ ಜನಕ್ಕೂ ಹೋಗ್ಬೇಕಲ್ಲ."

"ಸಂದೇಶ ಹೊರಗೆ ಹೋಗೋಕೆ ಮುದುಕ ಹೊರಗೆ ಹೋಗ್ಬೇಕಾ? ಅವರಿಗೆ ಹೇಳಿದ್ರಾ?"

"ಬಂದ್ಮೇಲೆ ಹೇಳ್ತೀವಿ."

"ಸದಸ್ಯರ ಸಭೆ ಯಾವಾಗ ಆಯ್ತು? ನಾನು ಯಾವತ್ತೂ ತಪ್ಪಿಸ್ಕೊಂಡವಳಲ್ಲ."

ಪಾಸ್ಟರ್ ನಕ್ಕರು. ಅದು ಮಕ್ಕಳ ಪ್ರಶ್ನೆಗೆ ನಗುವ ನಗು. "ಇಂಥ ಸಣ್ಣಪುಟ್ಟದಕ್ಕೆಲ್ಲ ಸಭೆ ಕರೀತಾ ಕೂತ್ರೆ ದೇವರ ಕೆಲಸ ಯಾವಾಗ ಮಾಡೋದು ಅಕ್ಕಾ? ನಾನೂ ನಾಲ್ಕು ಜನ ಸಭಾಸೇವಕರೂ ಕೂತು ತೀರ್ಮಾನ ಮಾಡಿದ್ವಿ."

ಬೀಗದಕ್ಕನ ಮೈಯೆಲ್ಲ ಉರಿದುಹೋಯಿತು. ಚೀಲ ಹೆಗಲಿಗೇರಿಸಿದಳು. "ನನ್ನ ಕೈಯಲ್ಲಿ ಈ ಬೀಗ ಹಾಕ್ಸೋಕೆ ಕರೆದ್ರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು" ಎಂದು ಹೇಳಿ, ತಿರುಗಿ ನೋಡದೆ ನಡೆದಳು.

ಮಾರನೆಯ ದಿನ ಹೋಗಿ ನೋಡಿದರೆ ಬಾಗಿಲಲ್ಲಿ ಬೇರೆ ಯಾರೋ ಹಾಕಿದ ಹೊಚ್ಚಹೊಸ ಬೀಗ. ಅಗ್ಗದ ಮಾಲು. ಅದನ್ನು ಬಿಚ್ಚಲು ಅವಳಿಗೆ ತಲೆಗೆ ಸಿಕ್ಕಿಸಿದ ಪಿನ್ನೊಂದು ಸಾಕಿತ್ತು. ಬೀಗವನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದಳು. ಆಮೇಲೆ ಬಿಟ್ಟಳು. ಅವರೆಲ್ಲ ಕದ್ದುಮುಚ್ಚಿ ಮಾಡಿದ ಕೆಲಸವನ್ನು ತಾನೊಬ್ಬಳೇ ಕದ್ದುಮುಚ್ಚಿ ತಿರುಗಿಸಿದರೆ ಅವರಿಗೂ ತನಗೂ ಏನು ವ್ಯತ್ಯಾಸ ಎನ್ನಿಸಿತು. ಆ ಚರ್ಚಿಗೆ ಅವಳು ಬಂದದ್ದು ಇಂಥದ್ದಕ್ಕಾಗಿ ಅಲ್ಲ.

ಬಂದದ್ದು ಹೇಗೆಂದು ಹೇಳಬೇಕು. ಹುಟ್ಟಿದ ಎರಡನೇ ತಿಂಗಳಲ್ಲೇ ಬೇರೊಂದು ಚರ್ಚಿನಲ್ಲಿ ಅವಳ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮುಗಿಸಿ ಆಗಿತ್ತು. ಅವಳ ಪರವಾಗಿ ದೊಡ್ಡವರು ಹೌದೆಂದಿದ್ದರು, ಅವಳು ನಿದ್ದೆ ಮಾಡುತ್ತಿದ್ದಳಂತೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ, ಅಪ್ಪನ ಜೊತೆ ಈ ಬ್ಯಾಪ್ಟಿಸ್ಟ್ ಚರ್ಚಿನ ಬೀರುವಿನ ಬೀಗ ಸರಿಮಾಡಲು ಬಂದಿದ್ದಳು. ಅಂದು ಸದಸ್ಯರ ಸಭೆ ನಡೆಯುತ್ತಿತ್ತು; ಬ್ಯಾಪ್ಟಿಸ್ಟರಲ್ಲಿ ಏನಿದ್ದರೂ ಸದಸ್ಯರ ಕೈ ಎಣಿಸಿಯೇ ತೀರ್ಮಾನ. ಇಸ್ತ್ರಿ ಮಾಡಿ ಬದುಕುವ ಒಬ್ಬ ಹೆಂಗಸು ಎದ್ದು ನಿಂತು ಆಗಿನ ಪಾಸ್ಟರಿಗೆ, "ಇದು ಸರಿಯಿಲ್ಲ" ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಾಸ್ಟರ್ ಎತ್ತಿದ ಕೈಗಳನ್ನು ಎಣಿಸಿದರು, ಸೋತರು, ಕೂತರು. ಅಪ್ಪ ಎರಡು ಸಲ ಕೇಳಿದರೂ ಅವಳು ಅರ ಎತ್ತಿಕೊಡಲಿಲ್ಲ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಮುಂದಿನ ವರ್ಷ ಅದೇ ಜನರ ಮುಂದೆ ನಿಂತು ತನ್ನ ನಂಬಿಕೆಯನ್ನು ತನ್ನ ಬಾಯಿಂದಲೇ ಹೇಳಿಕೊಂಡಳು. ಅವಳನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಕೈ ಎತ್ತಿಸಿದಾಗ ಎಲ್ಲರೂ ಹೌದೆಂದರು, ಎಲ್ಲರೂ ಟೀಚರಮ್ಮ ಎನ್ನುತ್ತಿದ್ದ ಶಾಲಾ ಶಿಕ್ಷಕಿ ಒಬ್ಬಳನ್ನು ಬಿಟ್ಟು. "ಈ ಹುಡುಗಿಗೆ ಕೋಪ ಜಾಸ್ತಿ. ಇನ್ನೊಂದು ವರ್ಷ ಕಾಯಲಿ" ಎಂದಿದ್ದಳು ಆಕೆ. ಆದರೆ ತಣ್ಣೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿ ಎದ್ದು, ಹಲ್ಲು ಕಟಕಟ ಎನ್ನುತ್ತ ಮೆಟ್ಟಿಲು ಹತ್ತಿದಾಗ ಟವೆಲ್ ಹಿಡಿದು ನಿಂತಿದ್ದವಳೂ ಅದೇ ಟೀಚರಮ್ಮ.

ಚರ್ಚಿನ ನಿಯಮದ ಪ್ರಕಾರ ಹದಿನೈದು ಸದಸ್ಯರು ಸಹಿ ಹಾಕಿದರೆ ಸಭೆ ಕರೆಯಲೇಬೇಕು. ಬೀಗದಕ್ಕ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಹತ್ತು ದಿನ ಮನೆ ಮನೆ ಹತ್ತಿಳಿದಳು. ಟೀಚರಮ್ಮನಿಗೆ ಈಗ ಎಂಬತ್ತನಾಲ್ಕು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿದಳು. "ಆವತ್ತು ನಾನು ಹೇಳಿದ್ದು ಸರಿಯಾಗೇ ಇತ್ತು. ನಿನ್ನ ಕೋಪ ಇನ್ನೂ ಇಳಿದಿಲ್ಲ. ಪೆನ್ನು ಕೊಡು" ಎಂದಳು.

ಎಲ್ಲರೂ ಹಾಗಿರಲಿಲ್ಲ. ಒಬ್ಬರು, ಪಾಸ್ಟರಿಗೆ ಎದುರಾಡಿದರೆ ಒಳ್ಳೆಯದಾಗುವುದಿಲ್ಲ ಎಂದರು. ಒಬ್ಬರು ಹೆಂಡತಿ ಮನೆಯಲ್ಲಿಲ್ಲ ಎಂದರು, ಅವರ ಸಹಿಗೆ ಹೆಂಡತಿ ಏಕೆ ಬೇಕೋ ದೇವರಿಗೇ ಗೊತ್ತು. ಮತ್ತೆ ಕೆಲವರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ: "ಪ್ರಾರ್ಥನೆ ಮಾಡ್ತೀವಿ ಅಕ್ಕಾ." ಅವಳು ಹಲ್ಲು ಕಚ್ಚಿಕೊಂಡು, "ಮಾಡಿ. ಮಾಡಿ ಮುಗಿಸಿ ಸಹಿ ಹಾಕಿ" ಎಂದಳು.

ತಂಗಿಯ ಮನೆಗೆ ಊಟಕ್ಕೆ ಹೋದ ದಿನ ಇನ್ನೊಂದು ಜಗಳವಾಯಿತು. ತಂಗಿ ಹೋಗುವುದು ಊರಾಚೆಯ ಹೊಸ ಚರ್ಚಿಗೆ. ತಂಪಾದ ಸಭಾಂಗಣ, ದೊಡ್ಡ ಪರದೆ, ಮೆತ್ತನೆ ಕುರ್ಚಿ.

"ಸಾಕು ಬಿಡೇ ಅಕ್ಕಾ," ಎಂದಳು ತಂಗಿ, ಅನ್ನ ಬಡಿಸುತ್ತ. "ಆ ಮುರುಕು ಬೆಂಚಿಗೆ ಯಾಕೆ ಅಂಟ್ಕೊಂಡಿದ್ದೀಯ? ನಮ್ಮಲ್ಲಿಗೆ ಬಾ. ಜಗಳ ಇಲ್ಲ, ತಂಟೆ ಇಲ್ಲ."

"ನಿಮ್ಮಲ್ಲಿ ಯಾವತ್ತಾದ್ರೂ ನಿನ್ನ ಕೈ ಎತ್ತು ಅಂತ ಕೇಳಿದ್ದಾರಾ?"

"ಹಾಡೋವಾಗ ಎತ್ತುತ್ತೀವಲ್ಲ!"

"ಅದಲ್ಲವೇ ಮಾರಾಯ್ತಿ. ಪಾಸ್ಟರ್ ಯಾರು ಆಗ್ಬೇಕು, ಯಾರನ್ನ ಸೇರಿಸ್ಕೋಬೇಕು, ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ?"

"ಅದು ದೊಡ್ಡವರು ನೋಡ್ಕೊಳ್ತಾರೆ. ನಂಗ್ಯಾಕೆ?" ತಂಗಿ ಪಾತ್ರೆ ಕೆಳಗಿಟ್ಟಳು. ಈಗ ಅವಳಿಗೂ ಸಿಟ್ಟು ಬಂದಿತ್ತು. "ಕೈ ಎತ್ತಿ ಎತ್ತಿ ನಿಂಗೆ ಸಿಕ್ಕಿದ್ದೇನು? ಭಾವ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನಿಮ್ಮ ಪಾಸ್ಟರ್ ಒಂದು ಸಲ ಮುಖ ತೋರಿಸಿದ್ರಾ?"

"ಇಲ್ಲ."

"ಮತ್ತೆ?"

"ಪೊರಕೆ ಮಾಮ ಇಪ್ಪತ್ತು ದಿನ ಬಂದ. ಎರಡು ಬಸ್ಸು ಬದಲಾಯಿಸಿ. ಅದು ಪಾಸ್ಟರ್ ಚರ್ಚು ಅಂದ್ಕೊಂಡಿದ್ದೀಯ ನೀನು? ಅವರು ಮೊನ್ನೆ ಬಂದವರು, ನಾಳೆ ಹೋಗೋರು. ಆ ಬೆಂಚು ನಂದು, ಆ ತೊಟ್ಟಿ ನಂದು. ನೀರಿಗೆ ಇಳಿದವಳು ನಾನು, ನನ್ನ ಪರವಾಗಿ ಯಾರೂ ಇಳೀಲಿಲ್ಲ. ಮನೆಗೆ ಕಳ್ಳ ನುಗ್ಗಿದ್ರೆ ಮನೆ ಬಿಟ್ಟು ಪಕ್ಕದ ಮನೇಲಿ ಹೋಗಿ ಮಲಗ್ತಾರೇನೇ?"

ತಂಗಿ ಅಕ್ಕನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು, ಕೇಳದೆಯೇ.

ಇಪ್ಪತ್ತೆರಡು ಸಹಿ ಬಿದ್ದವು. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕೂಡಿತು. ಐವತ್ತಮೂರು ಸದಸ್ಯರು. ಪೊರಕೆ ಮಾಮನೂ ಕಪ್ಪು ಕನ್ನಡಕ ಹಾಕಿಕೊಂಡು, ಅಣ್ಣನ ಮಗಳ ಕೈ ಹಿಡಿದು ಬಂದು ಕೊನೆಯ ಬೆಂಚಿನಲ್ಲಿ ಕೂತ. ಪಾಸ್ಟರ್ ಮೊದಲು ಉದ್ದನೆಯ ಪ್ರಾರ್ಥನೆ ಮಾಡಿದರು; ಒಗ್ಗಟ್ಟಿನ ಬಗ್ಗೆ, ತಾಳ್ಮೆಯ ಬಗ್ಗೆ, ನಾಲಿಗೆಯ ಪಾಪದ ಬಗ್ಗೆ. ಹೇಳುವುದು ಶಾಸ್ತ್ರ ಎಂದುಕೊಂಡು ಬೀಗದಕ್ಕ ಕಣ್ಣು ತೆರೆದೇ ನಿಂತಿದ್ದಳು. ಔಷಧಿ ಅಂಗಡಿಯವನು ಎದ್ದು ರೆಕಾರ್ಡಿಂಗ್ ಕೋಣೆಯ ಉಪಯೋಗಗಳನ್ನು ಅರ್ಧ ಗಂಟೆ ವಿವರಿಸಿದ.

ಬೀಗದಕ್ಕನ ಸರದಿ ಬಂದಾಗ ಬರೆದುಕೊಂಡು ಬಂದಿದ್ದ ಚೀಟಿ ಕೈಯಲ್ಲೇ ಉಳಿಯಿತು.

"ನಂಗೆ ಉದ್ದಕ್ಕೆ ಮಾತಾಡೋಕೆ ಬರಲ್ಲ. ಕಣ್ಣು ಕಾಣದ ಮನುಷ್ಯ ಆಸ್ಪತ್ರೆಗೆ ಹೋದ ಹೊತ್ತು ನೋಡಿ ಅವರ ಬಟ್ಟೆನ ಗೊಬ್ಬರದ ಚೀಲಕ್ಕೆ ತುಂಬಿದ್ರಿ. ನಮ್ಮನ್ನ ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತೀವಿ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ಇಲ್ಲಿ ಪಾಸ್ಟರಿಗೂ ಒಂದೇ ಕೈ, ಮಾಮನಿಗೂ ಒಂದೇ ಕೈ. ಅದಿಲ್ಲ ಅಂದ್ರೆ ಹೊರಗಿನ ಬೋರ್ಡಿಂದ ಬ್ಯಾಪ್ಟಿಸ್ಟ್ ಅನ್ನೋ ಪದ ಅಳಿಸಿಬಿಡಿ. ಏಣಿ ನಾನೇ ತರ್ತೀನಿ."

ಕೋಣೆ ಮಾಮನಿಗೆ ಉಳಿಯಲಿ ಎಂದು ಮೂವತ್ತೊಂದು ಕೈ ಎದ್ದವು, ಬೇಡವೆಂದು ಹತ್ತೊಂಬತ್ತು. ಮೂವರು ನೆಲ ನೋಡುತ್ತಿದ್ದರು.

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಅವಳು ಆಗಲಿಲ್ಲ. ಪಾಸ್ಟರ್ ಮತ್ತು ನಾಲ್ವರು ಸಭಾಸೇವಕರು ಇಲ್ಲೇ, ಎಲ್ಲರ ಮುಂದೆ ನಿಂತು ಕ್ಷಮೆ ಕೇಳಬೇಕು ಎಂದು ಇನ್ನೊಂದು ಪ್ರಸ್ತಾಪ ಇಟ್ಟಳು. ಪಾಸ್ಟರ ಮುಖ ಕೆಂಪಾಯಿತು. ಮತ್ತೆ ಕೈ ಎಣಿಸಿದರು. ಹೌದೆಂದು ಇಪ್ಪತ್ನಾಲ್ಕು. ಬೇಡವೆಂದು ಇಪ್ಪತ್ತೇಳು. ಆ ಇಪ್ಪತ್ತೇಳರಲ್ಲಿ ಒಂದು ಕೈ ಕೊನೆಯ ಬೆಂಚಿನಿಂದ, ಕಪ್ಪು ಕನ್ನಡಕದ ಮೇಲಿಂದ, ನೆಟ್ಟಗೆ ಎದ್ದು ನಿಂತಿತ್ತು.

ಬೀಗದಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಭೆ ಮುಗಿದದ್ದೇ ತಡ, ಅಂಗಳದಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು.

"ಏನ್ ಮಾಮ ಇದು? ನಿಮಗೋಸ್ಕರ ನಾನು ಊರೆಲ್ಲ ಅಲೆದೆ. ನೀವೇ ಆ ಕಡೆ ಕೈ ಎತ್ತಿದ್ರಲ್ಲ!"

"ಕೇಳಿದ್ರು, ಎತ್ತಿದೆ," ಎಂದ ಮಾಮ. "ಬಲವಂತಕ್ಕೆ ಕೇಳೋ ಕ್ಷಮೆ ತಗೊಂಡು ನಾನೇನು ಮಾಡ್ಲಿ? ಎಲ್ಲಿ ಇಟ್ಕೊಳ್ಲಿ? ಕೋಣೆ ಮೊದಲೇ ಚಿಕ್ಕದು."

ಅವಳಿಗೆ ನಗು ಬರಲಿಲ್ಲ. "ಮೊದಲೇ ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ?"

"ನೀನು ಕೇಳಿದ್ಯಾ?" ಅವನು ಕನ್ನಡಕ ತೆಗೆದ. ಒಂದು ಕಣ್ಣು ಇನ್ನೂ ಕೆಂಪಗಿತ್ತು. "ಹತ್ತು ದಿನ ಎಲ್ಲರ ಮನೆಗೂ ಹೋದೆ ತಾಯಿ. ಅಣ್ಣನ ಮಗಳ ಮನೆ ನಿಂಗೆ ಗೊತ್ತಿಲ್ದೇ ಇತ್ತಾ? ಮಾಮ, ನಿಮಗೇನು ಬೇಕು ಅಂತ ಕೇಳೋಕೆ ಒಂದು ಸಲ ಬಂದ್ಯಾ? ಅವರು ನನ್ನ ಕೇಳದೆ ಹೊರಗೆ ಹಾಕಿದ್ರು. ನೀನು ನನ್ನ ಕೇಳದೆ ಒಳಗೆ ತಂದೆ."

ಮಾಮ ಹೇಳಿದ್ದು ನಿಜವಾಗಿತ್ತು, ನಿಜವಾದದ್ದರಿಂದಲೇ ಬೀಗದಕ್ಕನ ಕೋಪ ಇಮ್ಮಡಿಯಾಯಿತು. ಔಷಧಿ ಅಂಗಡಿಯವನ ಕೈಯಿಂದ ಕೀಲಿ ಇಸಿದುಕೊಂಡು ಹೊಸ ಬೀಗ ತೆಗೆದಳು, ಜಗುಲಿಯ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಎತ್ತಿ ಕೋಣೆಯೊಳಗೆ ದಬ್ ಎಂದು ಇಟ್ಟಳು. ಹಾಸಿಗೆ ಬಿಚ್ಚಿ ಹಾಸಿದಳು. ಅಂಗಿಗಳನ್ನು ಚೀಲದಿಂದ ತೆಗೆದು, ಕೊಡವಿ, ಒಂದೊಂದಾಗಿ ಗೂಟಕ್ಕೆ ಹಾಕಿ ಮನೆಗೆ ಹೋದಳು. ಅಂದು ಗಂಡ ಪಾತ್ರೆಗಳ ಸದ್ದು ಕೇಳಿ ಬೀದಿಗೆ ಇಳಿದವನು ಊಟದ ಹೊತ್ತಿಗೇ ಬಂದ.

ಮೂರು ವಾರ ಅವಳು ಮಾಮನ ಜೊತೆ ಮಾತು ಬಿಟ್ಟಳು. ಪಾಸ್ಟರ್ ಕ್ಷಮೆ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ರೆಕಾರ್ಡಿಂಗ್ ಅವರ ಮನೆಯಲ್ಲೇ ನಡೆಯುತ್ತದೆ. ಸಂದೇಶದ ನಡುವೆ ಪಕ್ಕದ ಮನೆಯ ನಾಯಿ ಬೊಗಳುವುದೂ ಹೊರಗಿನ ಜನಕ್ಕೆ ಹೋಗುತ್ತದೆ. ಮಾಮ ಮೊದಲಿನ ಹಾಗೆಯೇ ಗುಡಿಸುತ್ತಾನೆ, ಪಾಸ್ಟರ ಕುರ್ಚಿಯನ್ನೂ ಒರೆಸುತ್ತಾನೆ. ಅದನ್ನು ನೋಡಿದಾಗಲೆಲ್ಲ ಬೀಗದಕ್ಕನಿಗೆ ಆ ಬಟ್ಟೆ ಕಿತ್ತು ಎಸೆಯಬೇಕು ಅನ್ನಿಸುತ್ತದೆ.

ತಂಗಿ ಫೋನ್ ಮಾಡಿ, "ಈಗಲಾದ್ರೂ ಬರ್ತೀಯಾ?" ಎಂದಳು.

"ಸೋತೆ ಅಂತ ಬಿಟ್ಟು ಬಂದ್ರೆ, ಕೋಣೆ ವಿಷಯದಲ್ಲಿ ನಾನು ಗೆದ್ದಾಗ ಅವರು ಬಿಟ್ಟು ಹೋಗ್ಬೇಕಿತ್ತಲ್ಲ. ಆ ಹತ್ತೊಂಬತ್ತು ಜನ ಇನ್ನೂ ಬರ್ತಿದ್ದಾರೆ. ಔಷಧಿ ಅಂಗಡಿಯವನೂ ಬರ್ತಿದ್ದಾನೆ, ದರಿದ್ರದವನು" ಎಂದಳು ಅಕ್ಕ.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಸದಸ್ಯರೆಲ್ಲ ರೊಟ್ಟಿ ಹಂಚಿಕೊಂಡು ತಿನ್ನುವ ದಿನ. ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಕೈಯಿಂದ ಕೈಗೆ ದಾಟಿ ಬಂತು. ಬೀಗದಕ್ಕನ ಪಕ್ಕದ ಜಾಗ ಖಾಲಿಯಿದ್ದದ್ದರಿಂದ, ತಡವಾಗಿ ಬಂದ ಔಷಧಿ ಅಂಗಡಿಯವನೇ ಅಲ್ಲಿ ಬಂದು ಕೂತಿದ್ದ. ಅವಳು ತನ್ನ ಚೂರು ತೆಗೆದುಕೊಂಡಳು. ಅವನ ಮುಖ ನೋಡಲಿಲ್ಲ; ನೋಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ತಟ್ಟೆಗೆ ಅವನು ಒಂದೇ ಕೈ ಚಾಚಿದ. ತಟ್ಟೆ ವಾಲದ ಹಾಗೆ ಅವನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯುವ ತನಕ ಅವಳು ಬಿಡಲಿಲ್ಲ.